ಜೈತುನಬಿ ತೆಗೆದ ಹಕ್ಕಿಯ ಫೋಟೋ

ಸಿಂದಗಿಯ ಬಸ್ ಸ್ಟ್ಯಾಂಡಿನಿಂದ ಪೇಟೆಯ ಕಡೆಗೆ ನಡೆದರೆ, ತೊಗರಿ ಅಡತಿ ಅಂಗಡಿಗಳ ಸಾಲು ಮುಗಿಯುವಲ್ಲಿ ಆ ಕಾಲಕ್ಕೆ ಒಂದು ಫೋಟೋ ಸ್ಟುಡಿಯೋ ಇತ್ತು. ಬೋರ್ಡಿನ ಮೇಲೆ ಶಮಶುದ್ದೀನನ ಹೆಸರಿತ್ತು. ಊರ ಹೆಂಗಸರು ಮಾತ್ರ ಅದನ್ನು ಜೈತುನಬಿಯ ಸ್ಟುಡಿಯೋ ಎಂದೇ ಕರೆಯುತ್ತಿದ್ದರು.

ಜೈತುನಬಿ ಶಮಶುದ್ದೀನನ ಹೆಂಡತಿ. ಮದುವೆಯಾಗಿ ಬಂದಾಗ ಆಕೆಗೆ ಕ್ಯಾಮೆರಾವನ್ನು ಯಾವ ಕಡೆಯಿಂದ ನೋಡಬೇಕೆಂದೂ ಗೊತ್ತಿರಲಿಲ್ಲ. ಮೊದಲು ಪ್ರಿಂಟು ತೊಳೆಯಲು ಕಲಿತಳು. ಆಮೇಲೆ ಕಪ್ಪು ಬಿಳುಪು ಫೋಟೋಗಳಿಗೆ ಕುಂಚದಿಂದ ಬಣ್ಣ ಹಾಕಲು ಕಲಿತಳು. ಒಂದು ಸಲ ಮದುವೆ ಮನೆಯೊಂದರಲ್ಲಿ ಹೆಣ್ಣಿನ ಕಡೆಯವರು ಗಂಡಸನ್ನು ಒಳಮನೆಗೆ ಬಿಡಲಿಲ್ಲ. ಶಮಶುದ್ದೀನ ಕ್ಯಾಮೆರಾ ಸರಿಮಾಡಿ ಹೆಂಡತಿಯ ಕೈಗಿತ್ತು, ಮದುಮಗಳ ಎದುರು ನಿಂತು ಒಮ್ಮೆ ಗುಂಡಿ ಒತ್ತಿ ಬಾ ಎಂದು ಕಳಿಸಿದ. ಆಕೆ ಹೊರಗೆ ಬರುವಷ್ಟರಲ್ಲಿ ರೋಲಿನ ಹನ್ನೆರಡೂ ಫೋಟೋ ಮುಗಿದಿದ್ದವು. ತೊಳೆದು ನೋಡಿದರೆ ಒಂದರಲ್ಲೂ ಯಾರೂ ಬಿಗಿದುಕೊಂಡು ಕೂತಿರಲಿಲ್ಲ. ಮದುಮಗಳು ಕೈಯ ಮೆಹಂದಿಯನ್ನು ಮೂಸಿ ನೋಡುತ್ತಿದ್ದಳು, ಅವಳ ಅಜ್ಜಿ ಎಲೆ ಮಡಚುತ್ತಿದ್ದಳು. ಹೇಗೆ ತೆಗೆದೆ ಎಂದು ಗಂಡ ಕೇಳಿದಾಗ, ತಾನೂ ಅವರ ಜೊತೆ ಕೂತು ಅಡಕಿ ಕತ್ತರಿಸುತ್ತಿದ್ದೆ, ನಡುನಡುವೆ ತೆಗೆದೆ ಎಂದಳಂತೆ. ಅಂದಿನಿಂದ ಒಳಮನೆಯ ಫೋಟೋಗಳೆಲ್ಲ ಆಕೆಯವೇ ಆದವು.

ನಾನು ಬಸವನಬಾಗೇವಾಡಿಯ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಪರಮಾನಂದ. ಆಕೆಯ ಪರಿಚಯವಾದದ್ದು ನಮ್ಮವ್ವನ ಹಳೆಯ ಫೋಟೋ ಒಂದಕ್ಕೆ ಬಣ್ಣ ಹಾಕಿಸಲು ಹೋದಾಗ. ಸೀರೆಯ ಬಣ್ಣ ಕೇಳಿದಳು, ಹೇಳಿದೆ. ಅಂಚಿನ ಬಣ್ಣ ಕೇಳಿದಳು, ಅದನ್ನೂ ಹೇಳಿದೆ. ಮೂಗುಬೊಟ್ಟಿನ ಹರಳು ಬಿಳಿಯದೋ ಕೆಂಪೋ ಎಂದಾಗ ನನಗೆ ಗೊತ್ತಿರಲಿಲ್ಲ. ಯಾವುದಾದರೂ ಹಾಕಿರಿ ಎಂದೆ. ಆಕೆ ಫೋಟೋವನ್ನು ನನ್ನ ಕಡೆಗೆ ಸರಿಸಿ, ಕೇಳಿಕೊಂಡು ಬರ್ರಿ ಎಂದಳು. ಡ್ರಾಯಿಂಗ್ ಮಾಸ್ತರನಾದ ನನಗೆ ಸ್ವಲ್ಪ ಅವಮಾನವೇ ಆಯಿತು.

೧೯೭೭ರ ಚಳಿಗಾಲದಲ್ಲಿ ಇಂಡಿ ಊರಿನ ವಿಜ್ಞಾನದ ಮಾಸ್ತರರಾದ ಬಸಂತರಾಯರು ನನಗೊಂದು ಕಾಗದ ಬರೆದರು. ಅವರಿಗೆ ಹಕ್ಕಿಗಳ ಹುಚ್ಚು. ಧಾರವಾಡದ ಪಕ್ಷಿಪ್ರಿಯರ ಸಂಘವೊಂದರ ಜೊತೆ ಪತ್ರವ್ಯವಹಾರ ಇಟ್ಟುಕೊಂಡಿದ್ದರು. ಕರಾವಳಿಯಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವ ಹಕ್ಕಿಗಳ ಫೋಟೋ ತೆಗೆಸಿ ದಾಖಲೆ ಮಾಡಬೇಕೆಂದು ಆ ಸಂಘ ಸಣ್ಣ ಸಣ್ಣ ತಂಡಗಳನ್ನು ಕಳಿಸುತ್ತಿತ್ತು. ಜೊತೆಗೆ ಒಬ್ಬ ಸ್ಥಳೀಯ ಮಾರ್ಗದರ್ಶಿ ಇರುತ್ತಾನೆ, ಕ್ರಿಸ್‌ಮಸ್ ರಜೆಯಲ್ಲಿ ನಾಲ್ಕು ದಿನ, ನೀವೂ ಬನ್ನಿ ಎಂದು ಬರೆದಿದ್ದರು. ಮುದ್ದೇಬಿಹಾಳದ ಬಟ್ಟೆ ವ್ಯಾಪಾರಿ ಮಲ್ಲಣ್ಣ ಬರುತ್ತಾನೆ, ಅವನ ಹತ್ತಿರ ಮುಂಬಯಿಯಿಂದ ತಂದ ಉದ್ದ ಲೆನ್ಸಿನ ಕ್ಯಾಮೆರಾ ಇದೆ. ಆದರೆ ರೋಲು ತೊಳೆಯಬಲ್ಲ ಒಬ್ಬರು ಬೇಕು, ಶಮಶುದ್ದೀನನನ್ನು ಕೇಳಿ ಎಂದೂ ಇತ್ತು.

ಶಮಶುದ್ದೀನನಿಗೆ ಮೊಣಕಾಲು ನೋವು. ಉಸುಕಿನಲ್ಲಿ ನಡೆಯುವುದು ತನ್ನಿಂದಾಗದು ಎಂದ. ಆಮೇಲೆ ಪರದೆಯ ಹಿಂದೆ ಪ್ರಿಂಟು ಒಣಗಿಸುತ್ತಿದ್ದ ಹೆಂಡತಿಯ ಕಡೆಗೆ ಕೈ ಮಾಡಿ, “ಆಕಿನ್ನ ಕರ್ಕೊಂಡ ಹೋಗ್ರಿ. ನನಗಿಂತ ಚೊಲೋ ತಗೀತಾಳ” ಎಂದ.

ಜೈತುನಬಿ ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತ, ಯಾವ ಹಕ್ಕಿ ಎಂದು ಕೇಳಿದಳು. ನಾನು ಬಸಂತರಾಯರ ಕಾಗದದಲ್ಲಿದ್ದ ಚಿತ್ರ ತೋರಿಸಿದೆ. ಮೇಲೆ ಕಪ್ಪು, ಕೆಳಗೆ ಬಿಳುಪು, ಉದ್ದ ರೆಕ್ಕೆ. ಕೊಕ್ಕು ಮಾತ್ರ ವಿಚಿತ್ರ: ಕೆಳಗಿನ ಭಾಗ ಮೇಲಿನದಕ್ಕಿಂತ ಉದ್ದ. ಇಂಗ್ಲಿಷಿನಲ್ಲಿ ಸ್ಕಿಮ್ಮರ್ ಅನ್ನುತ್ತಾರೆ, ಹಾರುತ್ತ ಹಾರುತ್ತ ಆ ಕೆಳಗಿನ ಕೊಕ್ಕಿನಿಂದ ನೀರನ್ನು ಸೀಳುತ್ತ ಮೀನು ಹಿಡಿಯುತ್ತದೆ ಎಂದು ವಿವರಿಸಿದೆ. ಆಕೆ ಚಿತ್ರವನ್ನು ಬಹಳ ಹೊತ್ತು ನೋಡಿ, “ಇಷ್ಟ ಉದ್ದ ತುಟಿ ಇಟ್ಕೊಂಡು ನೆಲದ ಮ್ಯಾಲಿಂದ ಏನರ ಹ್ಯಾಂಗ ಹೆಕ್ಕತೈತ್ರಿ ಇದು?” ಎಂದಳು. ಬಸಂತರಾಯರನ್ನು ಕೇಳುತ್ತೇನೆ ಎಂದೆ. ಬಸಂತರಾಯರಿಗೂ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ಆಕೆ ಬರಲು ಒಪ್ಪಿದ್ದು ಆ ಪ್ರಶ್ನೆಗಾಗಿಯೇ ಎಂದು ನನ್ನ ನಂಬಿಕೆ. ಬಸಂತರಾಯರ ಹೆಂಡತಿ ಗುರವ್ವ ತಾನೂ ಸಮುದ್ರ ನೋಡಬೇಕೆಂದು ಹೊರಟಿದ್ದರಿಂದ ಜೈತುನಬಿಗೆ ಜೊತೆಯೂ ಆಯಿತು.

ಹೀಗೆ ನಾವು ಐದು ಜನ ಬಿಜಾಪುರದಲ್ಲಿ ರೈಲು ಹತ್ತಿ ಹುಬ್ಬಳ್ಳಿ ಸೇರಿ, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಇಳಿದು, ಕಾರವಾರದ ದಕ್ಷಿಣಕ್ಕೆ ಒಂದು ನದಿ ಸಮುದ್ರ ಸೇರುವ ಅಳಿವೆಯ ಊರಿಗೆ ಹೋದೆವು. ಮಾರ್ಗದರ್ಶಿ ತುಳಸು ಹರಿಕಂತ್ರ ಐವತ್ತು ದಾಟಿದ ಮೀನುಗಾರ. ಮಾತು ಕಡಿಮೆ. ನಾವು ಬಂದ ಸಂಜೆ ಅಳಿವೆಯ ನಡುವಿನ ಉಸುಕಿನ ದಿಬ್ಬವನ್ನು ತೋರಿಸಿ, ಹಕ್ಕಿಗಳು ಅಲ್ಲಿ ಕೂರುತ್ತವೆ, ಹಿಂದೆಲ್ಲ ನಲವತ್ತು ಐವತ್ತು ಬರುತ್ತಿದ್ದವು, ಈ ಸಲ ಎಣಿಸಿದ್ದು ಹನ್ನೊಂದು ಎಂದ. ದಿಬ್ಬದ ಇತ್ತ ಕಡೆ ಒಂದು ಕೋಲು ನೆಟ್ಟಿದ್ದ. ಫೋಟೋದವರು ಆ ಕೋಲು ದಾಟಬಾರದೆಂಬುದು ಸಂಘದ ನಿಯಮ.

ಮೊದಲ ದಿನ ನಾವು ತಿಂಡಿ ತಿಂದು ಆರಾಮಾಗಿ ಹತ್ತು ಗಂಟೆಗೆ ಹೋದೆವು. ದಿಬ್ಬವೇ ಇರಲಿಲ್ಲ. ಕಣ್ಣು ಹರಿಯುವಷ್ಟು ದೂರ ನೀರು. ಮಲ್ಲಣ್ಣ ಕೊರಳಿಗೆ ಹಾಕಿಕೊಂಡಿದ್ದ ಕ್ಯಾಮೆರಾವನ್ನು ಮತ್ತೆ ಚೀಲದೊಳಗಿಟ್ಟ. ಗುರವ್ವ ಚಪ್ಪಲಿ ಬಿಟ್ಟು ತೆರೆಗಳಲ್ಲಿ ಕಾಲು ನೆನೆಸಿದಳು. ಜೈತುನಬಿ ಮಾತ್ರ ತುಳಸುವಿನ ಬೆನ್ನು ಬಿದ್ದಳು. ದಿಬ್ಬ ಎಲ್ಲಿ ಹೋಯಿತು, ನೀರು ಯಾವಾಗ ಇಳಿಯುತ್ತದೆ, ಇಳಿದ ನೀರು ಎಲ್ಲಿಗೆ ಹೋಗುತ್ತದೆ, ದಿನಾ ಒಂದೇ ಹೊತ್ತಿಗೆ ಇಳಿಯುತ್ತದೆಯೋ ಹೇಗೆ? ತುಳಸು ತಡೆತಡೆದು ಹೇಳಿದ: ಇವತ್ತು ನಸುಕಿನಲ್ಲೇ ಇಳಿದು ಮತ್ತೆ ಏರಿದೆ, ಎಲ್ಲ ಚಂದ್ರನ ಲೆಕ್ಕ, ದಿನಕ್ಕೆ ಮುಕ್ಕಾಲು ತಾಸಿಗಿಂತ ತುಸು ಹೆಚ್ಚು ಮುಂದಕ್ಕೆ ಹೋಗುತ್ತದೆ.

ಆಕೆ ಬೆರಳು ಮಡಚಿ ಎಣಿಸಿದಳು. ಐದು ದಿನದ ಹಿಂದೆ ಮೊಹರಮ್ಮಿನ ಹತ್ತನೇ ದಿನ ಮುಗಿದಿತ್ತು. ಅಂದರೆ ಇವತ್ತು ಚಾಂದ ಹದಿನೈದು, ಹುಣ್ಣಿಮೆಯ ಆಸುಪಾಸು. ಇವತ್ತು ನಸುಕಿನಲ್ಲಿ ಇಳಿದಿತ್ತೆಂದರೆ, ನಾಳೆ ಹೊತ್ತು ಮೂಡುವುದಕ್ಕೆ ಸ್ವಲ್ಪ ಮೊದಲು, ನಾಡಿದ್ದು ಹೊತ್ತು ಮೂಡಿದ ಮೇಲೆ. ನಾಡಿದ್ದು ಬೆಳಕು ಚೆನ್ನಾಗಿರುತ್ತದೆ, ಅಲ್ಲವೇ ಎಂದು ತುಳಸುವನ್ನು ಕೇಳಿದಳು. ಅವನು ಹೌದೆಂದು ಗೋಣು ಹಾಕಿದ. ಅಲ್ಲಿಂದ ಮುಂದೆ ಅವನು ಏನು ಹೇಳುವುದಿದ್ದರೂ ಬಸಂತರಾಯರಿಗೆ ಹೇಳದೆ ಆಕೆಗೇ ಹೇಳತೊಡಗಿದ.

ಎರಡನೇ ದಿನ ನಸುಕಿನಲ್ಲೇ ಹೋದೆವು. ದಿಬ್ಬ ಮೇಲೆದ್ದಿತ್ತು. ಹನ್ನೊಂದೂ ಹಕ್ಕಿಗಳು ಗಾಳಿಗೆ ಮುಖ ಮಾಡಿ, ಒಂದರ ಪಕ್ಕ ಒಂದು ಕೂತಿದ್ದವು. ನಾವು ಐವರು ಸಾಲಾಗಿ ಕೋಲಿನವರೆಗೆ ನಡೆದೆವು. ಕೋಲು ಇನ್ನೂ ಮೂವತ್ತು ಹೆಜ್ಜೆ ಇರುವಾಗಲೇ ಅವು ಎದ್ದುಬಿಟ್ಟವು. ಕುಳಿತವು, ಮಲ್ಲಣ್ಣ ಕ್ಯಾಮೆರಾ ಎತ್ತಿದ, ಮತ್ತೆ ಎದ್ದವು. ಆ ಬೆಳಿಗ್ಗೆ ಅವನು ಎರಡು ರೋಲು ಮುಗಿಸಿದ. ಮಧ್ಯಾಹ್ನ ಜೈತುನಬಿ ನಾವಿಳಿದಿದ್ದ ಬಂಗಲೆಯ ಬಚ್ಚಲಿನ ಕಿಟಕಿಗೆ ಕಂಬಳಿ ಕಟ್ಟಿ, ರೋಲು ತೊಳೆದು, ಹಗ್ಗಕ್ಕೆ ನೇತುಹಾಕಿದಳು. ಮಲ್ಲಣ್ಣ ಓಡಿ ಬಂದು ನೋಡಿದ. ಸಾಸಿವೆಕಾಳಿನಷ್ಟು ಚುಕ್ಕೆಗಳು, ಕೆಲವು ಅಲುಗಿ ಗೀರಾಗಿದ್ದವು.

“ಎಲ್ಲಾ ಬೆನ್ನ ತೋರ್ಸಿ ಹಾರ್ಯಾವ” ಎಂದಳು ಜೈತುನಬಿ, ಬೇಸರವಿಲ್ಲದೆ, ಇದೊಂದು ತಿಳಿಯಬೇಕಾದ ಸಂಗತಿ ಎಂಬಂತೆ.

ಮಲ್ಲಣ್ಣನ ಮುಖ ಸಣ್ಣದಾಯಿತು. ನಾಳೆ ದೋಣಿಯಲ್ಲಿ ಹತ್ತಿರ ಹೋಗೋಣ ಎಂದ. ತುಳಸು ಒಪ್ಪಲಿಲ್ಲ. ಪದೇ ಪದೇ ಎಬ್ಬಿಸಿದರೆ ದಿಬ್ಬ ಬಿಟ್ಟೇ ಹೋಗುತ್ತವೆ ಎಂದ. ಬಸಂತರಾಯರು ಇಬ್ಬರ ನಡುವೆ ಸಿಕ್ಕಿಕೊಂಡರು.

ಆ ಸಂಜೆ ದಂಡೆಯ ಮೇಲೆ ಕೂತಿದ್ದಾಗ ಜೈತುನಬಿ ನನಗೆ ಒಂದು ಮಾತು ಹೇಳಿದಳು. ಬೆಳಿಗ್ಗೆ ನಾವೆಲ್ಲ ಹಕ್ಕಿಗಳನ್ನು ನೋಡುತ್ತಿದ್ದಾಗ ಆಕೆ ಹಕ್ಕಿಗಳ ಆಚೆಗೂ ನೋಡಿದ್ದಳು. ದಿಬ್ಬದ ಇನ್ನೊಂದು ತುದಿಯಲ್ಲಿ ಊರಿನ ಏಳೆಂಟು ಹೆಂಗಸರು ಬಗ್ಗಿ ಕೆಸರಿನಿಂದ ಚಿಪ್ಪುಗಳನ್ನು ಆರಿಸಿ ಬುಟ್ಟಿಗೆ ಹಾಕುತ್ತಿದ್ದರು. ಆ ಚಿಪ್ಪಿನೊಳಗಿನ ಹುಳದ ಪಲ್ಯ ಅಲ್ಲಿಯವರ ದಿನದ ಊಟ. ಹಕ್ಕಿಗಳು ನಮ್ಮನ್ನು ಕಂಡು ಎದ್ದು ಹೋಗಿ ಕುಳಿತದ್ದು ಆ ಹೆಂಗಸರ ಹತ್ತಿರವೇ.

“ನಾವು ಅವನ್ನ ನೋಡಾಕ ಹೋಗೇವಿ, ಅದಕ್ಕ ಹಾರ್ತಾವ್ರಿ ಮಾಸ್ತರ” ಎಂದಳು. “ಅವರು ಅವನ್ನ ನೋಡಂಗೇ ಇಲ್ಲ.”

ಮರುದಿನ ಎದ್ದು ನೋಡಿದರೆ ಆಕೆ ಬಂಗಲೆಯಲ್ಲಿರಲಿಲ್ಲ. ಆ ಹೆಂಗಸರ ಪೈಕಿ ಹಿರಿಯಳೊಬ್ಬಳನ್ನು ಹಿಂದಿನ ಸಂಜೆಯೇ ತುಳಸುವಿನ ಮೂಲಕ ಮಾತಾಡಿಸಿ ಒಪ್ಪಿಸಿದ್ದಳಂತೆ. ನಾವು ಕೋಲಿನ ಹತ್ತಿರ ಹೋಗುವಷ್ಟರಲ್ಲಿ ಹೊತ್ತು ಮೂಡಿತ್ತು. ದೂರದಲ್ಲಿ ಎಂಟು ಹೆಂಗಸರ ಜೊತೆ ಒಂಬತ್ತನೆಯವಳಾಗಿ, ನೀಲಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ತಲೆಯ ಸೆರಗನ್ನು ಕಿವಿಯ ಹಿಂದೆ ಸಿಗಿಸಿ, ಒಂದು ಬುಟ್ಟಿ ಸೊಂಟಕ್ಕಿಟ್ಟುಕೊಂಡು ಆಕೆ ಬಗ್ಗಿ ನಡೆಯುತ್ತಿದ್ದಳು. ಬಸಂತರಾಯರು ಗಾಬರಿಯಾದರು. ಕೋಲು ದಾಟಿದ್ದಾಳೆ, ಸಂಘಕ್ಕೆ ಏನು ಹೇಳುವುದು ಎಂದರು. ತುಳಸು ತಣ್ಣಗೆ, ಕೋಲು ಫೋಟೋದವರಿಗೆ, ಚಿಪ್ಪು ಆರಿಸುವವರಿಗಲ್ಲ ಎಂದ. ಆಮೇಲೆ ನಮ್ಮನ್ನೆಲ್ಲ ಗಾಳಿಮರಗಳ ಹಿಂದೆ ಕೂರಿಸಿದ.

ಆಕೆಯ ಕ್ಯಾಮೆರಾ ಆ ಕಾಲದ ಸ್ಟುಡಿಯೋಗಳಲ್ಲಿ ಇರುತ್ತಿದ್ದ ಡಬ್ಬಿಯಂಥದು. ಅದನ್ನು ಕಣ್ಣಿಗೆ ಹಿಡಿಯುವುದಿಲ್ಲ. ಹೊಟ್ಟೆಯ ಹತ್ತಿರ ಇಟ್ಟುಕೊಂಡು, ಮೇಲಿನ ಗಾಜಿನೊಳಗೆ ಬಗ್ಗಿ ನೋಡಬೇಕು. ಮಲ್ಲಣ್ಣ ಹಿಂದಿನ ದಿನ ಅದನ್ನು ನೋಡಿ, ಇದರಲ್ಲಿ ಹಕ್ಕಿ ಹೇಗೆ ಸಿಕ್ಕೀತು ಎಂದಿದ್ದ. ಈಗ ಆ ಡಬ್ಬಿ ಬುಟ್ಟಿಯಲ್ಲಿ, ಹಳೆಯ ಬಟ್ಟೆಯ ನಡುವೆ ಇತ್ತು. ಲೆನ್ಸಿನ ಕಣ್ಣು ಬುಟ್ಟಿಯ ಬಿಟ್ಟ ಹೆಣಿಗೆಯಿಂದ ಹೊರಗೆ ನೋಡುತ್ತಿತ್ತು. ಚಿಪ್ಪು ಎಣಿಸುವವಳ ಹಾಗೆ ಆಕೆ ಬುಟ್ಟಿಯೊಳಗೆ ಬಗ್ಗಿ ನೋಡುವಳು, ಎರಡು ಹೆಜ್ಜೆ ಸರಿಯುವಳು, ಕೆಸರಿಗೆ ಕೈ ಹಾಕುವಳು, ಮತ್ತೆ ಬುಟ್ಟಿ ನೋಡುವಳು. ಒಂದು ತಾಸಿನ ಮೇಲೆ ಆಕೆಗೂ ಹಕ್ಕಿಗಳಿಗೂ ನಡುವೆ ಹನ್ನೆರಡು ಅಡಿಯೂ ಇರಲಿಲ್ಲ. ಒಂದು ಹಕ್ಕಿ ಕಾಲು ಮಡಚಿ ಉಸುಕಿನ ಮೇಲೆ ಕೊಕ್ಕು ಚಾಚಿ ಮಲಗಿಬಿಟ್ಟಿತು. ಮಲ್ಲಣ್ಣ ತನ್ನ ದೊಡ್ಡ ಲೆನ್ಸನ್ನು ದುರ್ಬೀನಿನ ಹಾಗೆ ಹಿಡಿದು, ಏನೇನಾಗುತ್ತಿದೆ ಎಂದು ಪಿಸುಮಾತಿನಲ್ಲಿ ನಮಗೆ ವರದಿ ಹೇಳುತ್ತಿದ್ದ. ಅವನಿಗೆ ಫೋಟೋ ತೆಗೆಯುವುದು ಮರೆತೇ ಹೋಗಿತ್ತು.

ಸಮುದ್ರದ ಭರತ ಏರತೊಡಗಿತು. ಹೆಂಗಸರು ಬುಟ್ಟಿ ತಲೆಗೇರಿಸಿ ದಂಡೆಯತ್ತ ಹೊರಟರು. ಜೈತುನಬಿ ಹೊರಡಲಿಲ್ಲ. ಆಕೆಯ ಹಿಂದೆ ದಿಬ್ಬಕ್ಕೂ ದಂಡೆಗೂ ನಡುವಿನ ತಗ್ಗಿನಲ್ಲಿ ನೀರು ಸದ್ದಿಲ್ಲದೆ ತುಂಬುತ್ತಿತ್ತು. ನಮ್ಮ ಬಯಲುಸೀಮೆಯ ಹಳ್ಳ ಬರುವಾಗ ಮೈಲು ದೂರದಿಂದ ಕೇಳಿಸುತ್ತದೆ. ಸಮುದ್ರದ ನೀರು ಹೀಗೆ ಹಿಂದಿನಿಂದ ಬರುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ತುಳಸು ಎದ್ದು ನಿಂತು ಕೂಗಲು ಬಾಯಿ ತೆರೆದು, ಹಕ್ಕಿ ಎದ್ದೀತೆಂದು ಸುಮ್ಮನಾಗಿ ನೀರಿಗೆ ಇಳಿದ. ಅವನಿಗಿಂತ ಮೊದಲು ಆ ಹಿರಿಯ ಹೆಂಗಸು ತಿರುಗಿ ಹೋಗಿದ್ದಳು. ಜೈತುನಬಿಯ ರಟ್ಟೆ ಹಿಡಿದು ಎಳೆದಳು. ನೀರು ಸೊಂಟ ದಾಟಿತ್ತು. ಜೈತುನಬಿ ಬುಟ್ಟಿ ಕೈಬಿಟ್ಟು ಕ್ಯಾಮೆರಾವನ್ನು ತಲೆಯ ಮೇಲೆ ಹಿಡಿದಳು. ಒಂದು ಸಲ ಕಾಲು ಜಾರಿ ಕುತ್ತಿಗೆಯವರೆಗೆ ಮುಳುಗಿದರೂ ಕೈ ಇಳಿಸಲಿಲ್ಲ. ತುಳಸು ಇನ್ನೊಂದು ಕಡೆಯಿಂದ ಹಿಡಿದ. ದಂಡೆಗೆ ಬಂದಾಗ ಆಕೆ ಚಳಿಗೆ ನಡುಗುತ್ತಿದ್ದಳು. ಗುರವ್ವ ತನ್ನ ಶಾಲು ಹೊದಿಸಿ, ಜೀವಕ್ಕಿಂತ ಡಬ್ಬಿ ದೊಡ್ಡದೇನು ಎಂದು ಬೈದಳು. ಆಕೆ ಹಲ್ಲು ಕಟಕಟಿಸುತ್ತಲೇ ಹೇಳಿದಳು:

“ಗುರವ್ವಾ, ಅದು ಮುಖಾ ಅಡ್ಡ ಹಾಕಿ ಹೆಕ್ಕತೈತಿ. ಕುತ್ತಿಗಿ ಹಿಂಗ ವಾರಿ ಮಾಡಿ. ನಾ ನೋಡಿದ್ನಿ.”

ಆಕೆ ತೆಗೆದದ್ದು ಏಳು ಫೋಟೋ. ಅವುಗಳಲ್ಲಿ ಎರಡು, ಬಸಂತರಾಯರ ಮಾತಿನಲ್ಲಿ ಹೇಳುವುದಾದರೆ, ಸಂಘದವರು ಚೌಕಟ್ಟು ಹಾಕಿಸಬೇಕಾದಂಥವು. ಒಂದರಲ್ಲಿ ನಾಲ್ಕು ಹಕ್ಕಿಗಳು ಸಾಲಾಗಿ ನಿಂತಿದ್ದವು. ಇನ್ನೊಂದರಲ್ಲಿ ಆ ಮಲಗಿದ ಹಕ್ಕಿ. ಮಲ್ಲಣ್ಣ ಒಂದು ಪ್ರತಿಯನ್ನು ಕೇಳಿ ಪಡೆದು, ತನ್ನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡ. ತೆಗೆದವರು ಯಾರೆಂದು ಯಾರು ಕೇಳಿದರೂ ಆಕೆಯ ಹೆಸರನ್ನೇ ಹೇಳುತ್ತಿದ್ದ.

ಊರಿಗೆ ಬಂದ ಮೇಲೆ ಬಣ್ಣದ ಪ್ರಶ್ನೆ ಎದ್ದಿತು. ಸಂಘಕ್ಕೆ ಒಂದು ಬಣ್ಣದ ಪ್ರತಿಯೂ ಬೇಕಿತ್ತು. ಕೊಕ್ಕು ಕೆಂಪು ಎಂದು ನಾನು ಹೇಳಿದೆ. ಮಲ್ಲಣ್ಣನೂ ಕೆಂಪೆಂದ. ಜೈತುನಬಿ ಒಪ್ಪಲಿಲ್ಲ. ಬುಡದಲ್ಲಿ ಕೆಂಪು ಬೆರೆತ ಕಿತ್ತಳೆ, ತುದಿಗೆ ಹೋದಂತೆ ಹಳದಿ ಎಂದಳು. ದೂರದಿಂದ ನೋಡಿದ ನಮಗೆ ಹಳದಿ ಕಂಡಿರಲಿಲ್ಲ. ಬಸಂತರಾಯರು ಧಾರವಾಡಕ್ಕೆ ಬರೆದು ಕೇಳಿದರು. ಉತ್ತರ ಬರುವವರೆಗೆ ಆಕೆ ಕುಂಚ ಮುಟ್ಟಲಿಲ್ಲ. ಮೂರು ವಾರದ ಮೇಲೆ ಬಂದ ಕಾಗದದಲ್ಲಿ ತುದಿ ಹಳದಿ ಎಂದೇ ಇತ್ತು. ಅದೇ ಕಾಗದದಲ್ಲಿ ಇನ್ನೊಂದು ವಿಷಯವೂ ಇತ್ತು: ಈ ಹಕ್ಕಿಗಳು ಮೊಟ್ಟೆ ಇಡುವುದು ಸಮುದ್ರದ ಹತ್ತಿರವಲ್ಲ, ಬೇಸಿಗೆಯಲ್ಲಿ ಒಳನಾಡಿನ ದೊಡ್ಡ ನದಿಗಳ ಉಸುಕಿನ ಮೇಲೆ, ನಿಮ್ಮ ಭೀಮಾ, ಕೃಷ್ಣಾ ದಂಡೆಯಲ್ಲಿ ಯಾರಾದರೂ ಕಂಡಿದ್ದಾರೆಯೇ, ವಿಚಾರಿಸಿ.

ಜೈತುನಬಿ ವಿಚಾರಿಸತೊಡಗಿದಳು. ಬಣ್ಣ ಹಾಕಿದ ಫೋಟೋವನ್ನು ಸ್ಟುಡಿಯೋದಲ್ಲಿ ಮದುವೆ ಜೋಡಿಗಳ ನಡುವೆ ತೂಗುಹಾಕಿ, ನದಿಯ ಕಡೆಯ ಊರಿನವರು ಯಾರೇ ಬಂದರೂ ಕುರ್ಚಿಯಲ್ಲಿ ಕೂರಿಸಿ, ಬೆಳಕು ಸರಿಮಾಡುತ್ತ ಕೇಳುವಳು. ಕೆಲವರು ನಕ್ಕರು. ಹೊರ್ತಿಯ ಒಬ್ಬಾತ, ಇದು ಫೋಟೋದಲ್ಲಿ ಮಾಡಿದ ಕೈಚಳಕ, ಇಂಥ ಕೊಕ್ಕು ಇರುವುದುಂಟೇ ಎಂದು ವಾದಿಸಿದ. ಮಾರ್ಚಿ ಮುಗಿಯುವ ಹೊತ್ತಿಗೆ ಹಲಸಂಗಿಯ ಆಚೆಗಿನ ಭೀಮಾತೀರದ ಹಳ್ಳಿಯಿಂದ ಅಮೋಘಸಿದ್ಧ ಎಂಬಾತ ಮಗಳ ಮದುವೆಯ ಮಾತುಕತೆಗೆ ಫೋಟೋ ತೆಗೆಸಲು ಬಂದ. ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ಕಲ್ಲಂಗಡಿ ಬೆಳೆಯುವವನು. ಗೋಡೆಯ ಫೋಟೋ ನೋಡಿ, ತಾನಾಗಿಯೇ ಹತ್ತಿರ ಹೋಗಿ ನಿಂತ.

“ಇದು ನಮ್ಮ ಹೊಳಿ ಹಕ್ಕಿ ಅಲ್ಲೇನ್ರಿ” ಎಂದ. “ಮೊದಲ ಭಾಳ ಬರ್ತಿದ್ವು. ಈಗ ಎರಡ ಬರ್ತಾವ.”

ಏಪ್ರಿಲ್ ಕೊನೆಯ ಭಾನುವಾರ ಜೈತುನಬಿ, ಗುರವ್ವ, ಬಸಂತರಾಯರು ಮತ್ತು ನಾನು ಅವನ ಹೊಲಕ್ಕೆ, ಅಂದರೆ ಹೊಳೆಗೆ, ಹೋದೆವು. ನೀರು ಎರಡು ಸಣ್ಣ ಸೆಲೆಗಳಾಗಿ ಹರಿಯುತ್ತಿತ್ತು. ನಡುವೆ ಅರ್ಧ ಮೈಲಿ ಉಸುಕು, ಅದರಲ್ಲಿ ಕಲ್ಲಂಗಡಿ ಬಳ್ಳಿಗಳು. ಅಮೋಘಸಿದ್ಧ ನಮ್ಮನ್ನು ತನ್ನ ಗುಡಿಸಲಿನಲ್ಲಿ ಕೂರಿಸಿ, ಬಳ್ಳಿಗಳಾಚೆ ಕೈ ತೋರಿಸಿದ. ಒಂದು ಹಕ್ಕಿ ಉಸುಕಿನ ಮೇಲೆ ಕೂತಿತ್ತು. ಅದರ ಜೋಡಿ ಸೆಲೆಯ ಮೇಲೆ, ಕೆಳಗಿನ ಕೊಕ್ಕನ್ನು ನೀರಿಗೆ ಇಳಿಬಿಟ್ಟು, ಕತ್ತರಿ ಬಟ್ಟೆಯಲ್ಲಿ ಹೋದ ಹಾಗೆ ನೇರ ಗೆರೆ ಎಳೆಯುತ್ತ ಹೋಯಿತು. ಅಳಿವೆಯಲ್ಲಿ ನಾಲ್ಕು ದಿನ ಕಾದರೂ ನಾವು ಇದನ್ನು ನೋಡಿರಲಿಲ್ಲ.

ಜೈತುನಬಿ ಕ್ಯಾಮೆರಾ ತೆಗೆಯಲೇ ಇಲ್ಲ. ಕೂತ ಹಕ್ಕಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆಂದು ಅಮೋಘಸಿದ್ಧ ಹೇಳಿದ್ದ. ಅದು ಆಗಾಗ ನೀರಿಗೆ ಹೋಗಿ ಹೊಟ್ಟೆ ತೋಯಿಸಿಕೊಂಡು ಬಂದು ಮತ್ತೆ ಕೂರುವುದನ್ನು ಅವನು ನೋಡಿದ್ದ. ಎಷ್ಟು ಹೊತ್ತಿಗೊಮ್ಮೆ ಹೋಗುತ್ತದೆ, ಎರಡೂ ಸರದಿಯಲ್ಲಿ ಕೂರುತ್ತವೆಯೋ ಎಂದು ಆಕೆ ಕೇಳಿದಳು. ಅದನ್ನು ತಾನು ನೋಡಿಲ್ಲ ಎಂದ ಅಮೋಘಸಿದ್ಧ, ಮತ್ತು ಆಕೆಯ ಪಕ್ಕದಲ್ಲೇ ಕೂತು ನೋಡತೊಡಗಿದ. ಇಬ್ಬರೂ ಸಂಜೆಯವರೆಗೆ ಹಾಗೇ ಕೂತಿದ್ದರು. ನಾವು ಹೊರಡುವ ಮೊದಲು ಅವನು, ನಾಯಿ ಬಾರದಂತೆ ದೂರದಲ್ಲಿ ಜಾಲಿ ಮುಳ್ಳು ಹಾಕುತ್ತೇನೆ, ಆ ಕಡೆ ಬಳ್ಳಿ ಹಬ್ಬಿಸುವುದಿಲ್ಲ ಎಂದ. ಯಾರೂ ಅವನನ್ನು ಕೇಳಿರಲಿಲ್ಲ.

ಜೂನಿನಲ್ಲಿ ಅವನೇ ಸಿಂದಗಿಗೆ ಬಂದು ಸುದ್ದಿ ಹೇಳಿದ. ಮೂರು ಮೊಟ್ಟೆಗಳಲ್ಲಿ ಎರಡು ಒಡೆದು ಮರಿಗಳು ಹೊರಬಂದಿದ್ದವು. ಒಂದು ಮರಿಯನ್ನು ಹದ್ದು ಒಯ್ದಿತು. ಇನ್ನೊಂದು ಮೊದಲ ಮಳೆಗೆ ಮುಂಚೆ ರೆಕ್ಕೆ ಬಲಿತು ಹಾರಿಹೋಯಿತು. ಎರಡೂ ಹಕ್ಕಿ ಸರದಿಯಲ್ಲಿ ಕೂರುತ್ತಿದ್ದವು ಎಂದೂ ಹೇಳಿದ. ಅದನ್ನು ಹೇಳಲೆಂದೇ ಬಂದವನಂತೆ. ಜೈತುನಬಿ ಇಷ್ಟನ್ನೂ ಒಂದು ಅಂಚೆಕಾರ್ಡಿನಲ್ಲಿ ನನ್ನ ಕೈಯಿಂದ ಬರೆಸಿ ಧಾರವಾಡಕ್ಕೆ ಕಳಿಸಿದಳು. ಕೆಳಗೆ ತನ್ನ ಹೆಸರಿನ ಜೊತೆ ಅಮೋಘಸಿದ್ಧನ ಹೆಸರನ್ನೂ ಹಾಕಿಸಿದಳು.

ಮರುವರ್ಷದ ಬೇಸಿಗೆಯಲ್ಲಿ ಮತ್ತೆ ಹೋದೆವು. ಮಳೆಗಾಲದ ನೆರೆಗೆ ಆ ಉಸುಕಿನ ದಿಬ್ಬ ಕೊಚ್ಚಿಹೋಗಿ ಹೊಳೆ ದಾರಿ ಬದಲಿಸಿತ್ತು. ಹಕ್ಕಿಗಳು ಬಂದಿರಲಿಲ್ಲ. ಅಮೋಘಸಿದ್ಧ ನಮಗಿಂತ ಹೆಚ್ಚು ಸಪ್ಪಗಾಗಿದ್ದ. ಜೈತುನಬಿ ಹೊಸ ಸೆಲೆಯ ಗುಂಟ ನಡೆಯುತ್ತ ಹೋದಳು. ಉಸುಕು ಈಗ ಎಲ್ಲಿ ಹೋಗಿ ಕೂತಿದೆ, ಕೆಳಗಿನ ಊರಿನಲ್ಲಿ ಕಲ್ಲಂಗಡಿ ಹಾಕುವವರು ಯಾರು ಎಂದು ಅವನನ್ನು ಕೇಳುತ್ತಿದ್ದಳು. ಮೊದಲು ಒಂದೊಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದವನು, ಸ್ವಲ್ಪ ಹೊತ್ತಿನಲ್ಲಿ ಮುಂದೆ ಮುಂದೆ ನಡೆದು ದಾರಿ ತೋರಿಸತೊಡಗಿದ. ಬಸ್ಸಿನ ಹೊತ್ತಾಯಿತೆಂದು ನಾನೂ ಬಸಂತರಾಯರೂ ದಂಡೆಯ ಮೇಲೆ ನಿಂತು ಕರೆದೆವು. ಅವರಿಬ್ಬರೂ ಆಗಲೇ ಬಹಳ ಕೆಳಗೆ ಹೋಗಿದ್ದರು. ಬಿಸಿಲಿನಲ್ಲಿ ಎರಡು ಆಕಾರಗಳು ಕಾಣುತ್ತಿದ್ದವು, ಮಾತು ಕೇಳಿಸುತ್ತಿರಲಿಲ್ಲ. ಆ ದಿನದ ಬಸ್ಸು ನಮಗೆ ತಪ್ಪಿತು.